ಬಚ್ಚಲಿನ ಕಿಂಡಿ

ಪಣಕಹಳ್ಳಿ
11 ಡಿಸೆಂಬರ್ 2024

ಪ್ರೀತಿಯ ಅತ್ತೆಗೆ,

ಆಪರೇಷನ್ ಆದ ಕಣ್ಣು ಹೇಗಿದೆ? ಡ್ರಾಪ್ಸ್ ಹಾಕಿದಾಗ ಉರಿ ಕಡಿಮೆಯಾಯಿತೆ? ಪತ್ರವನ್ನು ನೀವೇ ಓದಬೇಡಿ, ದಿವ್ಯ ಓದಿ ಹೇಳಲಿ. ಮಗಳ ಮನೆಯಲ್ಲೂ ಒಲೆ ಮುಂದೆಯೇ ಕೂತಿರುತ್ತೀರಿ, ನನಗೆ ಗೊತ್ತು. ಫೋನಿನಲ್ಲಿ ಹೇಳಲು ಹೋದರೆ ನಿಮ್ಮ ಗಾಬರಿ ಕೇಳಿ ಅರ್ಧ ನುಂಗಿಬಿಡುತ್ತೇನೆ. ಪಕ್ಕದ ಮನೆಯ ದಯಾನಂದ್ ಕೊಳ್ಳೇಗಾಲಕ್ಕೆ ಹೊರಟಿದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಮೊಮ್ಮಗಳು ಪೂಜ, ಅವಳ ಮಗು ಇಬ್ಬರೂ ಈಗ ಚೆನ್ನಾಗಿದ್ದಾರೆ. ‘ಈಗ’ ಎಂದಿದ್ದಕ್ಕೆ ಹೆದರಬೇಡಿ. ನೀವು ಹೋದ ಮೇಲೆ ಬಚ್ಚಲಿನ ಗ್ಯಾಸ್ ಗೀಸರ್ ನೀರು ಕಾಯುತ್ತಿರುವಾಗಲೇ ಆರಿಹೋಗತೊಡಗಿತು. ಆರಿದಾಗಲೆಲ್ಲ ಅದರ ಗಾಜಿನಲ್ಲಿ ‘ಇ-3’ ಎಂದು ಮಿನುಗುತ್ತಿತ್ತು. ಪೂಜಳ ತಲೆಯಲ್ಲಿ ಸೀಗೇಪುಡಿ, ನೀರು ಹಾಕುವ ರಾಚಮ್ಮನ ಕೈಯಲ್ಲಿ ಖಾಲಿ ಚೊಂಬು. ಸಿಲಿಂಡರ್ ಮುಗಿಯುತ್ತಾ ಬಂದಿರಬೇಕು ಎಂದುಕೊಂಡು ನಾನು ಆಫ್ ಮಾಡಿ ಮತ್ತೆ ಆನ್ ಮಾಡುತ್ತಿದ್ದೆ. ಸ್ನಾನವಾದ ಮೇಲೆ ಪೂಜಳಿಗೆ ತಲೆಸುತ್ತು, ವಾಕರಿಕೆ. ಬಾಣಂತಿಗೆ ಇದೆಲ್ಲ ಇದ್ದದ್ದೇ ಎಂದೆವು. ನಿನ್ನೆ ಬಚ್ಚಲಿಂದ ಹೊರಬಂದ ರಾಚಮ್ಮ ಕಂಬ ಹಿಡಿದು ಕೂತು, “ನಂಗೂ ತಲೆ ಸುತ್ತದ ಕಣವ್ವ, ಈ ವಯಸ್ನಲ್ಲಿ ನಾನೂ ಬಾಣ್ತಿ ಆಗೋದ್ನಾ?” ಎಂದಳು. ಪೂಜ ನಕ್ಕಳು. ನನಗೆ ನಗು ಬರಲಿಲ್ಲ.

ಗೀಸರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆದು ಓದಿದೆ. ಮೊದಲ ದಿನವೇ ಏಕೆ ಓದಲಿಲ್ಲವೋ. ನಮ್ಮ ಗೀಸರಿನಲ್ಲಿ ಇ-3 ಎಂದರೆ ಗಾಳಿ ಸಾಲದೆ ಉರಿಯ ಹೊಗೆ ಒಳಗೇ ನಿಲ್ಲುತ್ತಿದೆ, ಅದಕ್ಕೇ ತಾನಾಗಿ ಆರುತ್ತಿದೆ ಎಂದರ್ಥವಂತೆ. ಆ ಹೊಗೆ ಕಾಣುವುದಿಲ್ಲ, ವಾಸನೆಯೂ ಇಲ್ಲ, ಜೀವಕ್ಕೇ ಅಪಾಯ. ಗ್ಯಾಸ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬನ್ನಿ, ಮೆಕ್ಯಾನಿಕ್ ನೋಡುವ ತನಕ ಹತ್ತಿಸಬೇಡಿ ಎಂದಿದೆ. ನಾನು ಎಷ್ಟು ಸಲ ಹತ್ತಿಸಿದ್ದೆ! ಆಮೇಲೆ ತಲೆಯೆತ್ತಿ ಕಿಂಡಿ ನೋಡಿದೆ. ಬಾಣಂತಿಗೆ ಚಳಿಗಾಳಿ ಸೋಕಬಾರದೆಂದು ನೀವು ಗೋಣಿಚೀಲದ ಜೊತೆ ನಿಮ್ಮ ಹಳೇ ಸೀರೆಯನ್ನೂ ತುರುಕಿದ್ದಿರಿ. ಎರಡನ್ನೂ ಕಿತ್ತು ತೆಗೆದೆ. ಆಗ ಹೆದರಿದ್ದು ನಿಮ್ಮ ಮಾತು ಮೀರುತ್ತಿದ್ದೇನೆಂದೋ, ಏನಾಗಿಬಿಡಬಹುದಿತ್ತೆಂದೋ ಇನ್ನೂ ಗೊತ್ತಾಗುತ್ತಿಲ್ಲ.

ಆಗಲೇ ಪೂಜ, ರಾಚಮ್ಮ ಇಬ್ಬರನ್ನೂ ತಾಳವಾಡಿಯಲ್ಲಿ ಡಾಕ್ಟರಿಗೆ ತೋರಿಸಿದೆ. ಸದ್ಯ ತೊಂದರೆಯಿಲ್ಲ, ಇನ್ನು ಬಚ್ಚಲು ಮುಚ್ಚಬೇಡಿ ಎಂದರು. ಮಗುವಿಗೆ ಹಜಾರದಲ್ಲಿ ನೀರು ಹಾಕುತ್ತಿದ್ದುದು ನಮ್ಮ ಪುಣ್ಯ. ಇವತ್ತು ಹಿತ್ತಲಿನಲ್ಲಿ ಹಂಡೆಯಿಟ್ಟು ಸೌದೆಯಲ್ಲೇ ಕಾಯಿಸಿದೆವು. ಮೆಕ್ಯಾನಿಕ್ ಶನಿವಾರ ಸತ್ಯಮಂಗಲದಿಂದ ಬರುತ್ತಾನೆ.

ದಿವ್ಯಳಿಗೆ, ಮಕ್ಕಳಿಗೆ ನನ್ನ ನೆನಪು ತಿಳಿಸಿ. ಮರಿಮಗನಿಗೆ ಅಲ್ಲಿಂದಲೇ ಹರಸಿ.

ನಿಮ್ಮ ಸೊಸೆ,
ಪವಿತ್ರ

ಮರೆತು ಬಿಟ್ಟದ್ದಲ್ಲ, ಬರೆಯಲು ಹಿಂಜರಿದದ್ದು: ಸಂತೆಗೆ ಕೋಸು ಹಾಕಿ ಬಂದ ನಿಮ್ಮ ಮಗ, “ಮಿಷಿನ್ ಮಾತ ಕೇಳ್ಕಂಡು ಬಾಣ್ತಿಗೆ ಗಾಳಿ ಬುಟ್ಟಿಯಾ? ಅವ್ವ ಏಳಿದ್ದು ಸುಳ್ಳಾ?” ಎಂದು ರೇಗಾಡಿದರು. ನಾಳೆ ಕಿಂಡಿಗೆ ಮತ್ತೆ ಚೀಲ ತುರುಕುತ್ತಾರಂತೆ, ಗೀಸರ್ ಆರದ ಹಾಗೆ ಯಾರನ್ನೋ ಕರೆಸಿ ಒಳಗಿನ ವೈರ್ ಕೀಳಿಸುತ್ತಾರಂತೆ. ನನ್ನ ಮಾತು ನಡೆಯುತ್ತಿಲ್ಲ, ಅತ್ತೆ. ದಯಾನಂದ್ ಅಲ್ಲಿರುವಾಗಲೇ ಇವರಿಗೆ ಫೋನ್ ಮಾಡಿ. ನನ್ನನ್ನು ಎಷ್ಟು ಬೇಕಾದರೂ ಬೈಯಿರಿ, ಕಿಂಡಿ ಮಾತ್ರ ತೆಗೆದೇ ಇರಲಿ ಎಂದು ನಿಮ್ಮ ಬಾಯಿಂದ ಹೇಳಿಬಿಡಿ.