ಬಲಗಾಲಿನ ಚಪ್ಪಲಿ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 5.40

ಕಾಪು ಸ್ಟ್ಯಾಂಡ್. ಮೊದಲ ಟ್ರಿಪ್‌ಗೆ ಇನ್ನೂ ಇಪ್ಪತ್ತು ನಿಮಿಷ. ಡ್ರೈವರ್ ಸೀಟಿಗೆ ಹೆಂಡತಿ ಮೇಬಲ್ ಹೊಲಿದುಕೊಟ್ಟ ದಿಂಬು ಚಪ್ಪಟೆಯಾಗಿ ಹೋಗಿದೆ. ಸೊಂಟ ನೋವಿಗೆ ಮೂರು ವರ್ಷ. ಎಣ್ಣೆ, ಬೆಲ್ಟ್, ಮಾತ್ರೆ, ಇಂಜೆಕ್ಷನ್ -- ಎಲ್ಲ ಆಯಿತು. ಉಡುಪಿ, ಮಣಿಪಾಲದ ಮೇಲೆ ಹೋಗುವ ಕಾಪು–ಕಾರ್ಕಳ ರೂಟಿನಲ್ಲಿ ಇಪ್ಪತ್ತೆರಡು ವರ್ಷ, ಒಂದು ಕೋಳಿಗೂ ಬಸ್ ತಾಗಿಸಿದವನಲ್ಲ. ಈ ಸೊಂಟ ಮಾತ್ರ ನನ್ನ ಮಾತು ಕೇಳುವುದಿಲ್ಲ.

ಕಂಡಕ್ಟರ್ ರೂಪೇಶ್ ಮೊಬೈಲ್ ಹಿಡಿದುಕೊಂಡು ಬಂದ. ಯಾರದೋ ಕುತ್ತಿಗೆ ತಿರುಗಿಸಿ 'ಟಕ್' ಅನ್ನಿಸುವ ವಿಡಿಯೋ.

"ಓಸ್ವಾಲ್ಡಣ್ಣ, ಇವರು ಕೈರೋಪ್ರಾಕ್ಟರ್ ಅಂತೆ. ಮದ್ದು ಇಲ್ಲ, ಆಪರೇಷನ್ ಇಲ್ಲ. ಬೆನ್ನೆಲುಬನ್ನು ಕೈಯಲ್ಲೇ ಸರಿ ಮಾಡ್ತಾರೆ ಮಾರಾಯ್ರೆ. ಆದಿತ್ಯವಾರ ಉಡುಪಿಗೆ ಬರ್ತಾರೆ."

ಮಾರ್ಚ್ 9, ಆದಿತ್ಯವಾರ

ಲಾಡ್ಜ್ ರೂಮು. ಹೊರಗೆ ಹನ್ನೊಂದು ಜನ ಕ್ಯೂ. ವಿಡಿಯೋದವನು ಹೆಸರು ಕೂಡ ಕೇಳಲಿಲ್ಲ. ಅಡ್ಡ ಮಲಗಿಸಿ, ಮಂಡಿ ಮಡಚಿ, ಒಂದೇ ಎಳೆತ. ಬೆನ್ನು ಟಕಟಕ ಎಂದಿತು. ಆ ಶಬ್ದಕ್ಕೇ ಅರ್ಧ ನೋವು ಹೋಯಿತು. ಎದ್ದು ನಿಂತೆ -- ನೋವಿಲ್ಲ! ನಿಜಕ್ಕೂ ಇಲ್ಲ.

ಮನೆಯಲ್ಲಿ ಮೇಬಲ್ ಎದುರು ಬಗ್ಗಿ ತೋರಿಸಿದೆ. ನಗಲಿಲ್ಲ. "ಚೀಟಿ ಎಂತ ಕೊಟ್ಟರು?" ಎಂದಳು. ನೋವೇ ಹೋದ ಮೇಲೆ ಚೀಟಿ ಯಾಕೆ? ಹೆಂಡತಿಯರನ್ನು ಒಪ್ಪಿಸುವುದು ಕಷ್ಟ.

ಮಾರ್ಚ್ 11, ಮಂಗಳವಾರ

ಹಾಸಿಗೆಯಿಂದ ಏಳಲು ಆಗಲಿಲ್ಲ. ನೋವು ಈಗ ಬಲ ತೊಡೆಯ ಹಿಂದಿನಿಂದ ಪಾದದವರೆಗೆ. ವಿಡಿಯೋದವನ ಫೋನ್ ಸ್ವಿಚ್ ಆಫ್. ಎರಡು ಮಾತ್ರೆ ನುಂಗಿ ಡ್ಯೂಟಿಗೆ ಹೋದೆ.

ಮಾರ್ಚ್ 18, ಮಂಗಳವಾರ

ರಜೆ ಹಾಕಿ ಅಂಬಲಪಾಡಿಗೆ. ಡಾ. ಸ್ವರ್ಣಲತಾ. ಮೇಬಲ್ ಹುಡುಕಿದ್ದು. ಇವರೂ ಕೈರೋಪ್ರಾಕ್ಟರೇ, ವಿಡಿಯೋ ಮಾತ್ರ ಇಲ್ಲ. ಮುಕ್ಕಾಲು ಗಂಟೆ ಬರೀ ಪ್ರಶ್ನೆ. ಹಿಮ್ಮಡಿಯ ಮೇಲೆ ನಡೆಸಿದರು. ಬಲಪಾದ ಪಟ್ಟನೆ ಕೆಳಗೆ ಬಿತ್ತು. ಕಣ್ಣು ಮುಚ್ಚಿಸಿ ಕಾಲಿನ ಬೆರಳು ಮುಟ್ಟಿದರು.

"ಈಗ ಯಾವ ಬೆರಳು?"

"ನೀವು ಮುಟ್ಟಲೇ ಇಲ್ಲವಲ್ಲ?" ಎಂದೆ.

ಕಣ್ಣು ತೆರೆದೆ. ಅವರು ನನ್ನ ಬೆರಳಿನಿಂದ ಕೈ ತೆಗೆದು ಏನೋ ಬರೆದುಕೊಂಡರು. "ಎಂತ ಕೆಲಸ ನಿಮ್ಮದು?"

"ಅಂಗಡಿ." ಸುಳ್ಳು ತಾನಾಗಿ ಬಾಯಿಗೆ ಬಂತು. ಡ್ರೈವರ್ ಎಂದರೆ ಸ್ಟೀರಿಂಗ್ ಬಿಡಿಸುತ್ತಾರೆ. ಅದು ಬಿಟ್ಟರೆ ನಾನು ಯಾರು?

"ನಾನು ಕೈ ಹಾಕುವುದಿಲ್ಲ. ನರಕ್ಕೆ ಒತ್ತು ಬಿದ್ದ ಹಾಗೆ ಕಾಣ್ತದೆ. ಇವತ್ತೇ ಆಸ್ಪತ್ರೆಗೆ ಹೋಗಿ, ಎಂಆರ್‌ಐ ಆಗಬೇಕು. ಬೈಕ್ ಕೂಡ ಓಡಿಸಬೇಡಿ." ಪತ್ರ ಬರೆದುಕೊಟ್ಟರು, ಕೆಳಗೆ ತಮ್ಮ ನಂಬರ್.

ಸಿಟ್ಟು ಬಂತು. ಕೈ ಹಾಕದವರು ಎಂತ ಕೈರೋಪ್ರಾಕ್ಟರ್! ಪತ್ರ ಈ ಡೈರಿಯೊಳಗೆ ಸೇರಿತು. ವ್ಯಾಯಾಮ ಹೇಳಿಕೊಟ್ಟರು ಎಂದು ಮೇಬಲ್‌ಗೆ ಹೇಳಿದೆ.

ಮಾರ್ಚ್ 20, ಗುರುವಾರ. ಮಧ್ಯಾಹ್ನ 1.15

ಕಾರ್ಕಳ. ನಾನು ಬರಿಗಾಲಲ್ಲೇ ಓಡಿಸುವವನು. ಚಪ್ಪಲಿ ಇದ್ದರೆ ಬ್ರೇಕ್ ಎಷ್ಟು ಹಿಡಿಯಿತೆಂದು ಕಾಲಿಗೆ ತಿಳಿಯುವುದಿಲ್ಲ. ಇಳಿಯುವಾಗ ಹಾಕಿಕೊಳ್ಳುವುದು. ಇವತ್ತೂ ಹಾಕಿಕೊಂಡೇ ಊಟಕ್ಕೆ ಹೋದೆ, ಹಾಗೆಂದೇ ನೆನಪು. ಅನ್ನ ಬಡಿಸುವಾಗ ರೂಪೇಶ್ ನಕ್ಕ.

"ಓಸ್ವಾಲ್ಡಣ್ಣ, ಇನ್ನೊಂದು ಚಪ್ಪಲಿ ಎಲ್ಲಿ?"

ಬಲಗಾಲು ಬರಿದು. ಆ ಚಪ್ಪಲಿ ಬಸ್ಸಿನಲ್ಲೇ ಉಳಿದಿರಬೇಕು. ಈ ಬಿಸಿಲಿನಲ್ಲಿ, ಕಾದ ಡಾಂಬರಿನ ಮೇಲೆ, ಇಡೀ ಸ್ಟ್ಯಾಂಡ್ ದಾಟಿ ಬಂದಿದ್ದೇನೆ. ಪಾದದಡಿ ಗುಳ್ಳೆ ಎದ್ದಿದೆ. ಕಾಲಿಗೆ ಸುದ್ದಿಯೇ ಇಲ್ಲ.

ನಾನೂ ನಕ್ಕೆ. ಅನ್ನ ಸೇರಲಿಲ್ಲ. ಹೆದರಿಕೆಯಾಗುತ್ತಿದೆ. ವಾಪಸ್ ಟ್ರಿಪ್‌ಗೆ ಹತ್ತು ನಿಮಿಷ. ಮಣಿಪಾಲದಿಂದ ಇಂದ್ರಾಳಿಗೆ ಆ ಇಳಿಜಾರು... ನೋಡೋಣ. ಇವತ್ತೊಂದು ದಿನ.

ಅದೇ ದಿನ, 2.40

ಮಣಿಪಾಲ. ಸ್ಟಾಪ್ ಹತ್ತಿರ ಸ್ಕೂಟರಿನ ಹೆಂಗಸೊಬ್ಬಳು ಅಡ್ಡ ಬಂದಳು. ಬ್ರೇಕ್ ಒತ್ತಿದೆ. ಬಸ್ ನಿಲ್ಲಲಿಲ್ಲ. ಇನ್ನೂ ಒತ್ತಿದೆ. ಬಗ್ಗಿ ನೋಡಿದರೆ ಕಾಲು ಪೆಡಲಿನ ಮೇಲಿಲ್ಲ -- ಪಕ್ಕದಲ್ಲಿ ಬರೀ ನೆಲ ಒತ್ತುತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದೆ. ಅವಳಿಗೂ ಬಂಪರಿಗೂ ಒಂದು ಗೇಣು. ಬೈದು ಹೋದಳು. ದೇವರೇ, ಬೈಯಲು ಉಳಿದಳಲ್ಲ.

ಒಳಗೆ ಐವತ್ತೆರಡು ಜನ. ಮುಂದೆ ಇಳಿಜಾರು. ಎರಡು ನಿಮಿಷದ ಅಂತರದಲ್ಲಿ ಹಿಂದೆಯೇ ಇನ್ನೊಂದು ಕಂಪನಿಯ ಎದುರಾಳಿ ಬಸ್. ಇಷ್ಟು ವರ್ಷ ಅದನ್ನು ಮುಂದೆ ಬಿಟ್ಟವನಲ್ಲ. ಚಾವಿ ತೆಗೆದು ರೂಪೇಶನ ಕೈಗೆ ಕೊಟ್ಟೆ.

"ಎಲ್ಲರನ್ನೂ ಹಿಂದಿನ ಬಸ್ಸಿಗೆ ಹತ್ತಿಸು."

"ಎಂತ ಓಸ್ವಾಲ್ಡಣ್ಣ, ಅವರ ಬಸ್ಸಿಗಾ?"

"ಹತ್ತಿಸು ಮಾರಾಯ. ನನಗೆ ಕಾಲು ಸಿಗುವುದಿಲ್ಲ."

ಆ ಡ್ರೈವರ್ ಹಾರ್ನ್ ಕೂಡ ಹೊಡೆಯಲಿಲ್ಲ. ನನ್ನನ್ನೇ ನೋಡುತ್ತಾ ಹೋದ. ಹೊಡೆದಿದ್ದರೆ ಚೆನ್ನಾಗಿತ್ತು.

ಡಾಕ್ಟರಿಗೆ ಫೋನ್ ಮಾಡಿದೆ. "ಅಂಗಡಿ ಅಲ್ಲ ಮೇಡಂ. ಬಸ್."

ಬೈಯುತ್ತಾರೆಂದು ಕಾದೆ. "ನಿಲ್ಲಿಸಿದ್ದೀರಿ ಅಲ್ವಾ?" ಎಂದರು ಅಷ್ಟೇ. "ಆ ಪತ್ರ ಹಿಡ್ಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ನಾನು ಅಲ್ಲಿಗೆ ಹೇಳ್ತೇನೆ."

ಕೈ ಹಾಕದೆ ಬಿಟ್ಟವರೇ ಸರಿಯಾದ ಡಾಕ್ಟರ್. ಎರಡು ದಿನ ತಡವಾಗಿ ತಿಳಿಯಿತು. ಮೇಬಲ್‌ಗೆ ಇನ್ನೂ ಹೇಳಿಲ್ಲ.

ರಿಕ್ಷಾ ಬಂತು. ರೂಪೇಶ್ ಕೆಳಗೆ ಕುಳಿತು ನನಗೆ ಚಪ್ಪಲಿ ಹಾಕುತ್ತಿದ್ದಾನೆ. ಬೇಕೆಂದೇ ಬರೆಯುತ್ತಿದ್ದೇನೆ, ಕೆಳಗೆ ನೋಡಬಾರದೆಂದು. ಎಡದ್ದು ಹಾಕಿದ. ಬಲದ್ದು... ಹಾಕಿದನೋ, ಇನ್ನೂ ಇಲ್ಲವೋ --