ಹದಿನಾಲ್ಕರಿಂದ ಹದಿಮೂರಕ್ಕೆ

ಜುಲೈ 8, ಮಂಗಳವಾರ. ಬೆಳಿಗ್ಗೆ 9.40, ಅಂಗಡಿ

ಶಟರ್ ಎತ್ತಿದೆ. ಕಸ ಹೊಡೆದೆ. ಊದುಬತ್ತಿ ಹಚ್ಚಿದೆ. ಫೋನ್ ಕೈಗೆತ್ತಿಕೊಂಡರೆ ಗುರುತೇ ಸಿಗಲಿಲ್ಲ. ಮಲಗುವಾಗ ಅದರ ಸಾಫ್ಟ್‌ವೇರ್ ಹದಿಮೂರನೇ ವರ್ಷನ್, ಎದ್ದಾಗ ಹದಿನಾಲ್ಕು. ಚಾರ್ಜಿಗೆ ಹಾಕಿದ್ದಷ್ಟೇ ನನ್ನ ತಪ್ಪು. ಐಕಾನುಗಳೆಲ್ಲ ಬಾಣಂತನ ಮುಗಿಸಿ ಬಂದಂತೆ ದುಂಡಗಾಗಿವೆ. ಕರೆ ಬಂದರೆ ಒತ್ತುವಂತಿಲ್ಲ, ಪಕ್ಕಕ್ಕೆ ಎಳೆಯಬೇಕಂತೆ. ಸಿಂಧನೂರಿನ ಪೈಪು-ಮೋಟರ್ ವ್ಯಾಪಾರಿ ಮರಿಸ್ವಾಮಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮಧ್ಯಾಹ್ನ 12.10

ಅನಾಹುತ. ಲಿಂಗಸುಗೂರಿನಿಂದ ಪಂಪಾಪತಿಯವರ ಫೋನ್. ಗೊಬ್ಬರದ ಅಂಗಡಿ ಇಟ್ಟವರು. ಅವರ ಮಗನಿಗೆ ನಮ್ಮ ಐಶ್ವರ್ಯಳನ್ನು ಕೇಳಿದ್ದಾರೆ. ಆಷಾಢ ಕಳೆದು ಶ್ರಾವಣ ಸೋಮವಾರಕ್ಕೆ ಸಕ್ಕರೆ ಶಾಸ್ತ್ರ ಎಂದು ಮಾತಾಗಿದೆ. ಬಾಯಿಗೆ ಸಕ್ಕರೆ ಬಿತ್ತೆಂದರೆ ಸಂಬಂಧ ಗಟ್ಟಿ.

"ಸ್ವಾಮೇರ, ಆರಾಮದೀರಿ? ಹುಡುಗಿ ಕೆಲಸದ ಮಾತೊಂದು ಐತ್ರಿ. ನಮ್ಮವ್ವ ಏನಂತಾಳಂದ್ರ…"

ಅಷ್ಟರಲ್ಲಿ ನನ್ನ ಫೋನಿನೊಳಗಿಂದ ಒಬ್ಬ ಹೆಣ್ಣುಮಗಳು, ಈ ಕರೆ ರೆಕಾರ್ಡ್ ಆಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಡಂಗುರ ಸಾರಿದಳು. ಇಬ್ಬರ ಕಿವಿಗೂ.

"ಯಾರ್ರೀ ಅಕಿ?"

"ಯಾರಿಲ್ರಿ… ಫೋನು."

"ರೆಕಾರ್ಡ್ ಅಂದ್ಲಲ್ರೀ! ನಾ ಮಾತಾಡೂದು ರೆಕಾರ್ಡ್ ಮಾಡಾಕತ್ತೀರೇನು?"

"ಛೇ ಛೇ, ಎಲ್ಲಿದ್ರಿ…"

ಇಟ್ಟುಬಿಟ್ಟರು.

ಸತ್ಯವನ್ನು ಈ ಡೈರಿಯಲ್ಲಾದರೂ ಬರೆಯಬೇಕು. ಮೂರು ವರ್ಷದಿಂದ ಬಂದ ಕರೆ, ಹೋದ ಕರೆ ಎಲ್ಲವೂ ರೆಕಾರ್ಡ್. ಗೂಢಚಾರಿಕೆಯಲ್ಲ, ಸಂಸಾರದ ಅಗತ್ಯ. ಅರ್ಧ ಕಿಲೋ ಬದನೆಕಾಯಿ ಅಂದಿದ್ದೆ ಎಂದು ಹೆಂಡತಿ ಅಂಬಮ್ಮ, ಒಂದು ಕಿಲೋ ಎಂದು ನಾನು — ಹಾಕಿ ಕೇಳಿದರೆ ತೀರ್ಪು. ಪ್ರತಿಸಲವೂ ಅವಳೇ ಗೆದ್ದಿದ್ದಾಳೆ. ಆದರೂ ನ್ಯಾಯ ನ್ಯಾಯವೇ. ಹಳೆಯ ವರ್ಷನ್ನು ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿತ್ತು.

ರಾತ್ರಿ, ಊಟದ ನಂತರ

ಐಶ್ವರ್ಯ ಮಸ್ಕಿಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಇಲ್ಲಿಂದ ದಿನಾ ಬಸ್ಸು. ಮದುವೆಯಾದರೆ ಲಿಂಗಸುಗೂರಿನಿಂದ ಬಸ್ಸು. ಮಸ್ಕಿ ನಡುವೆಯೇ ಇದೆ, ಊರಿನದೇನೂ ತಕರಾರಿಲ್ಲ.

"ಹುಡುಗನ ಅಜ್ಜಿ ಏನಂತಾಳಂತ ಗೊತ್ತಾತೇನಪ್ಪಾ?" ಅಂದಳು.

"ಕೇಳಾಕ ಬಿಡಲಿಲ್ಲ ಆ ಫೋನಿನಾಕಿ."

"ಕೆಲಸ ಬಿಡು ಅಂದ್ರ ಈ ಸಂಬಂಧ ನನಗ ಬ್ಯಾಡ. ಮೊದಲ ಹೇಳೀನಿ."

ಹೇಳಿದ್ದಾಳೆ, ನಿಜ. ಪಂಪಾಪತಿಯವರೂ ಒಪ್ಪಿದ್ದಾರೆ, ಜುಲೈ ಒಂದನೇ ತಾರೀಖಿನ ಕರೆಯಲ್ಲಿ. ಹಾಕಿ ಮತ್ತೆ ಕೇಳಿದೆ: "ನಿಮ್ಮ ಮಗಳ ಕೆಲಸ ಬಿಡಿಸಂಗಿಲ್ರಿ. ಇಪ್ಪತ್ತೆಂಟು ವರ್ಷದ ಹಿಂದ ನಮ್ಮವ್ವನ ಮಾತು ಕೇಳಿ ನಮ್ಮನಿಯಾಕಿ ಅಂಗನವಾಡಿ ಕೆಲಸ ಬಿಡಿಸಿದೆ. ತಪ್ಪಾತ್ರಿ. ಕೂಸುಗಳು ಆಕಿ ಸೆರಗು ಹಿಡಕೊಂಡು ಮನಿತನ ಬರ್ತಿದ್ವು… ಆಕಿಗೆ ಇವತ್ತಿನತನ ಈ ಮಾತು ಅಂದಿಲ್ರಿ. ನಿಮ್ಮಲ್ಲೇ ಇರಲಿ."

ನನ್ನಲ್ಲೇ ಇದೆ. ಎರಡು ನಿಮಿಷ ಹನ್ನೊಂದು ಸೆಕೆಂಡು. ನಾಳೆ ಅಜ್ಜಿಯ ಮಾತಿಗೆ ಇವರು ಜಾರಿದರೆ ಸಾಕ್ಷಿ ಇದೊಂದೇ.

ಫೋನನ್ನು ಹದಿಮೂರಕ್ಕೆ ವಾಪಸ್ ಒಯ್ಯಬೇಕೆಂದು ಘೋಷಿಸಿದೆ.

"ರೆಕಾರ್ಡ್ ಬಂದ್ ಮಾಡಿದ್ರ ಆತಲ್ಲಪ್ಪಾ. ಎರಡು ಸೆಕೆಂಡಿನ ಕೆಲಸ."

ಈಗಿನ ಮಕ್ಕಳಿಗೆ ಎಲ್ಲವೂ ಎರಡು ಸೆಕೆಂಡು.

ಜುಲೈ 11, ಶುಕ್ರವಾರ. 11.15, ಮಸ್ಕಿ

ಜಂಗ್ಲಿಸಾಬನ ಅಂಗಡಿ. ಮಗಳ ಲ್ಯಾಬಿನ ಎದುರು ಸಾಲಿನಲ್ಲಿದೆ. ಫೋನುಗಳನ್ನು ಹಳೆ ವರ್ಷನ್ನಿಗೆ ಒಯ್ಯುವುದರಲ್ಲಿ ಮೂರೂ ತಾಲೂಕಿಗೆ ಇವನೇ ಅಂತೆ.

"ಒಯ್ಬೋದು ಸ್ವಾಮೇರ. ಆದ್ರ ಮುಂದಕ್ಕ ಹೋಗೂವಾಗ ಸಾಮಾನು ಇದ್ದಲ್ಲೇ ಇರ್ತಾವ. ಹಿಂದಕ್ಕ ಬರೂವಾಗ ಮನಿ ಪೂರಾ ಖಾಲಿ ಮಾಡಬೇಕು. ಫೋಟೋ, ನಂಬರು, ರೆಕಾರ್ಡಿಂಗು, ಏನೂ ಉಳಿಯಂಗಿಲ್ಲ."

"ಹದಿಮೂರಕ್ಕ ಹೋದ್ರ ಹೋದ ತಿಂಗಳ ಫೋಟೋ ತಾನ ವಾಪಸ್ ಬರಂಗಿಲ್ಲೇನು?"

ನಗಲಿಲ್ಲ. ಸುಸಂಸ್ಕೃತ ಮನುಷ್ಯ. "ವರ್ಷನ್ ಹಳೇದಾಗತೈತ್ರಿ, ತಾರೀಖು ಹಳೇದಾಗಂಗಿಲ್ಲ."

ಫೋಟೋ, ನಂಬರುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ರೆಕಾರ್ಡಿಂಗ್ ಮಾತ್ರ ಅವನ ಕೈಗೆ ಕೊಡಲು ಮನಸ್ಸಾಗಲಿಲ್ಲ, ಗುಟ್ಟಿನ ಸಂಗತಿ. ಪಂಪಾಪತಿಯವರದೊಂದನ್ನು ಅಂಬಮ್ಮನ ವಾಟ್ಸಾಪಿಗೆ ಕಳಿಸಿದೆ. ಹೆಸರು ಓದಲು ಕನ್ನಡಕ ಸಿಂಧನೂರಿನ ಅಂಗಡಿಯಲ್ಲೇ ಉಳಿದಿದೆ, ಆದರೆ ಅಮರೇಶ್ವರನ ಫೋಟೋ ದೂರಕ್ಕೂ ಗುರುತು ಹತ್ತುತ್ತದೆ. ಸಂಬಂಧ ಕೂಡಲೆಂದು ಅವಳು ತನ್ನ ಫೋಟೋ ತೆಗೆದು ದೇವರನ್ನು ಹಾಕಿಕೊಂಡು ತಿಂಗಳಾಯಿತು.

11.40

ಶುರು. ಎರಡು ಬಟನ್ ಒಟ್ಟಿಗೆ ಒತ್ತಿ ಹಿಡಿದ. ಫೋನು ಕಪ್ಪಾಯಿತು. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಾಲುಗಳು ಇರುವೆ ಹೊರಟಂತೆ ಹೊರಟವು. ಶೇಕಡಾ 9. ಈ ಹೊತ್ತಿನಲ್ಲಿ ಅದು ಹದಿನಾಲ್ಕೂ ಅಲ್ಲ, ಹದಿಮೂರೂ ಅಲ್ಲ. ಹಾಗಾದರೆ ಏನು?

"ಈಗ ಬರೇ ಡಬ್ಬಿರೀ," ಅಂದ ಜಂಗ್ಲಿಸಾಬ. "ಕೇಬಲ್ ಮುಟ್ಟಬ್ಯಾಡ್ರಿ, ಡಬ್ಬಿನ ಆಗಿ ಉಳೀತೈತಿ."

ಕೈ ಕಟ್ಟಿಕೊಂಡು ಕುಳಿತೆ. 31. 31. 31. ಉಸಿರಾಡಲೂ ಭಯ. 32.

12.50

ಶೇಕಡಾ 74ರಲ್ಲಿದ್ದಾಗ ಐಶ್ವರ್ಯ ಬಿಳಿ ಕೋಟಿನಲ್ಲೇ ರಸ್ತೆ ದಾಟಿ ಓಡಿ ಬಂದಳು.

"ಅಪ್ಪಾ, ಬೀಗರ ಗ್ರೂಪಿಗೆ ಏನ್ ಕಳಿಸೀದಿ? ಅವ್ವ ಫೋನ್ ಮಾಡಿ ಅಳಾಕತ್ತಾಳ!"

"ಗ್ರೂಪಿಗೆ ಎಲ್ಲಿ? ಅವ್ವಗ ಕಳಿಸೀನಿ. ಅಮರೇಶ್ವರ…"

"ಗ್ರೂಪಿಗೂ ಅಮರೇಶ್ವರನ ಹಾಕ್ಯಾರಪ್ಪಾ ಮಾವ!"

ಸಕ್ಕರೆಗೆ ಮೊದಲೇ ಎರಡೂ ಮನೆಯವರನ್ನು ಕೂಡಿಸಿ ಗ್ರೂಪ್ ಮಾಡಿದವರು ಪಂಪಾಪತಿ. ಇಪ್ಪತ್ತೆರಡು ಜನ. ಅವರ ಹೆಂಡತಿ, ತಾಯಿಯ ಕಿವಿಗೆ ಫೋನ್ ಹಿಡಿಯುವ ಅಳಿಯ, ಎಲ್ಲರೂ. ಬೆಳಿಗ್ಗೆ ಹೂವಿನ ಚಿತ್ರ ಬಿಟ್ಟು ಬೇರೇನೂ ಕಾಣದ ಗ್ರೂಪು.

"ಜಂಗ್ಲಿಸಾಬ, ತೆಗೀಪಾ ಅದನ್ನ! ನನ್ನ ಫೋನ್ ಕೊಡು!"

"ಎಪ್ಪತ್ನಾಕಕ್ಕ ನಿಲ್ಸಿದ್ರ ಫೋನ ಇರಂಗಿಲ್ಲರೀ."

"ಆ ರೆಕಾರ್ಡ್ ಈಗ ಗ್ರೂಪಿನ್ಯಾಗ ಇಲ್ಲ," ಅಂದಳು ಮಗಳು. "ಮಾವ ಅಡ್ಮಿನ್ ಅಲ್ಲೇನು, ಅಳಿಸಿಬಿಟ್ಟಾರ. ಆದ್ರ ಕೇಳೋರೆಲ್ಲಾ ಕೇಳ್ಯಾರ. ಅವ್ವಗೂ ಫೋನ್ ಮಾಡಿ ಕೇಳ್ಯಾರಂತ: ರೆಕಾರ್ಡ್ ಮಾಡಂಗಿಲ್ಲ ಅಂದ್ರು, ಮಾಡ್ಯಾರಲ್ಲ, ಇಂಥ ಮನಿಯವರೇನ್ರಿ ನೀವು ಅಂತ."

ಕೋಟಿನ ಕಿಸೆಯಲ್ಲಿ ಕೈಯಿಟ್ಟು ರಸ್ತೆಯ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ: "ಹುಡುಗ ಛಲೋ ಇದ್ದನಪ್ಪಾ." ಹೋದಳು.

ಶೇಕಡಾ 100. ಹದಿಮೂರು. ಚೌಕ ಐಕಾನುಗಳು ವಾಪಸ್. ಒಳಗೆ ಏನೂ ಇಲ್ಲ.

ಜುಲೈ 12

ಲಿಂಗಸುಗೂರಿಗೆ ನಾಲ್ಕು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಗ್ರೂಪಿನಲ್ಲಿ ಹೂವೂ ಇಲ್ಲ.

ಜುಲೈ 14

ಅಂಬಮ್ಮ ಮಾತು ಬಿಟ್ಟಿದ್ದಾಳೆ. ಬದನೆಕಾಯಿ ಎಷ್ಟು ಎಂದು ಚೀಟಿಯಲ್ಲಿ ಬರೆದು ಕೊಡುತ್ತಾಳೆ.

ಜುಲೈ 17, ಗುರುವಾರ. ಮಧ್ಯಾಹ್ನ 3

ಗೊರೇಬಾಳದ ಗಿರಾಕಿಗೆ ಪೈಪು ಅಳೆಯುತ್ತಿದ್ದೆ. ಗೊತ್ತಿಲ್ಲದ ನಂಬರು.

"ಅಣ್ಣಾರ, ನಾ ಲಿಂಗಸುಗೂರಿನ ಮೌನೇಶ್ವರಿ. ಪಂಪಾಪತಿಯವರ ಮನಿಯಾಕಿ."

ಗಿರಾಕಿಯನ್ನು ಬಿಟ್ಟು ಹೊರಗೆ ಬಂದೆ. ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೆ.

"ಆ ರೆಕಾರ್ಡ್ ಇನ್ನೊಂದ್ಸಲ ಕಳಸ್ತೀರೇನ್ರಿ?"

"…ಏನಂದ್ರಿ?"

"ರೊಟ್ಟಿ ಬಡಿಯಾಕತ್ತಿದ್ದೆ. ತಪ್ಪಾತು ಅಂದದ್ದು ಕೇಳಿಸ್ತು. ಮುಂದ ಕೂಸುಗಳ ಮಾತೇನೋ ಬಂತು. ಹಿಟ್ಟಿನ ಕೈ ತೊಳಕೊಂಡು ಬರೂದ್ರಾಗ ಇವರು ಅಳಿಸಿಬಿಟ್ರು. ಕೇಳಿದ್ರ ಏನೂ ಇಲ್ಲ ಬಿಡು ಅಂತಾರ."

"ನನ್ನ ಫೋನಿನ್ಯಾಗ ಏನೂ ಉಳಿದಿಲ್ಲ ತಂಗಿ. ಎಲ್ಲಾ ಹೋಗೇತಿ."



"ಹಂಗಾದ್ರ ನೀವ ಹೇಳ್ರಿ. ನೆನಪಿರಬೇಕಲ್ಲ."

ಹೇಳಿದೆ. ಕೂಸುಗಳು, ಸೆರಗು, ಎಲ್ಲ ಸರಿಯಾಗಿಯೇ ಹೇಳಿದೆ. ಆದರೆ ನನ್ನ ಬಾಯಿಂದ ಅದು ಎರಡಿಂಚಿನ ಪೈಪಿನ ದರ ಹೇಳಿದಂತೆ ಕೇಳಿಸಿತು. ನಡುವೆಯೇ ನಿಲ್ಲಿಸಿದೆ.

"ಬ್ಯಾಡ ಬಿಡ್ರಿ ಅಣ್ಣಾರ," ಅಂದರು. ನಗುತ್ತಿದ್ದರೇನೋ. "ಶ್ರಾವಣ ಸೋಮವಾರ ನಾವು ಬರೂದು ಖರೇ. ಅವರ ಬಾಯಿಂದನ ಹೇಳಿಸ್ತೀನಿ, ಎಲ್ಲಾರ ಮುಂದ, ನಿಮ್ಮ ಮಗಳ ಕೆಲಸದ್ದೂ ಸೇರಿಸಿ. ಹೇಳಲಿಲ್ಲಂದ್ರ ಸಕ್ರಿ ಡಬ್ಬಿ ಮುಚ್ಚಳ ತೆಗಿಯಂಗಿಲ್ಲ, ಹಂಗ ವಾಪಸ್."

"ನಿಮ್ಮ ಅತ್ತಿಯವರು?"

"ಇಪ್ಪತ್ತೆಂಟು ವರ್ಷ ನಾ ಅವರ ಮಾತು ಕೇಳೀನಿ. ಒಂದಿನ ಅವರೂ ಕೇಳ್ಲಿ."

ಇಟ್ಟ ಮೇಲೆ ನೋಡಿದರೆ, ಜಂಗ್ಲಿಸಾಬ ಮೊದಲಿನಂತೆಯೇ ರೆಕಾರ್ಡ್ ಹಚ್ಚಿಕೊಟ್ಟಿದ್ದ ಹದಿಮೂರು ತನ್ನ ಕೆಲಸ ಮಾಡಿತ್ತು. ಈ ಕರೆಯೂ ಸದ್ದಿಲ್ಲದೆ ರೆಕಾರ್ಡ್. ಕೇಳಲಿಲ್ಲ. ಅಳಿಸಿದೆ. ಸಂಜೆ ಮಗಳಿಗೆ ಕೊಟ್ಟು ರೆಕಾರ್ಡ್ ಬಂದ್ ಮಾಡಿಸಿದೆ. ಎರಡು ಸೆಕೆಂಡು ಹಿಡಿಯಿತು.

ಜುಲೈ 28, ಸೋಮವಾರ. ಸಂಜೆ 7

ಬಂದರು. ಹದಿಮೂರು ಜನ, ಎರಡು ಗಾಡಿ. ಅಜ್ಜಿಗೆ ಕುರ್ಚಿ, ಉಳಿದವರಿಗೆ ಜಮಖಾನೆ. ಮೌನೇಶ್ವರಿಯವರ ತೊಡೆಯ ಮೇಲೆ ಸಕ್ಕರೆ ಡಬ್ಬಿ, ಮುಚ್ಚಳದ ಮೇಲೆ ಎರಡೂ ಕೈ. ಅಂಬಮ್ಮ ಚಹಾ ತಂದಳು, ಕುಡಿದರು. ಮಳೆ ಮಾತಾಯಿತು, ಕಾಲುವೆ ನೀರಿನ ಮಾತಾಯಿತು. ಡಬ್ಬಿ ತೆರೆಯಲಿಲ್ಲ. ಪಂಪಾಪತಿ ಟವೆಲಿನಿಂದ ಮುಖ ಒರೆಸಿಕೊಂಡರು. ಮತ್ತೆ ಒರೆಸಿಕೊಂಡರು. ಐಶ್ವರ್ಯ ಬಾಗಿಲ ಬಳಿ ನಿಂತಿದ್ದಳು. ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಡಬ್ಬಿಯನ್ನು ನೋಡುತ್ತಿದ್ದಳು.

ಕೊನೆಗೆ ಅಜ್ಜಿಯೇ: "ಏನ್ ಹೇಳ್ತೀಯೋ ಹೇಳಲೇ ಪಂಪಾ. ನನಗ ಕುಂತು ಸೊಂಟ ಹಿಡೀತು."

ಹೇಳಿದರು. ನನ್ನ ಕಡೆ ನೋಡಿಯಲ್ಲ, ನನ್ನ ಮಗಳ ಕಡೆಯೂ ಅಲ್ಲ. ಹೆಂಡತಿಯ ಕಡೆ ತಿರುಗಿ ಕುಳಿತು.

ಮುಚ್ಚಳ ತೆಗೆದ ಸದ್ದು. ಮೌನೇಶ್ವರಿಯವರು ಎದ್ದು ಐಶ್ವರ್ಯಳ ಬಾಯಿಗೆ ಸಕ್ಕರೆ ಹಾಕಿದರು.

"ನಾಳಿ ಡ್ಯೂಟಿ ಎಷ್ಟಕ್ಕವಾ?"

"ಎಂಟೂವರಿಗೆ ಅತ್ತಿ."

"ಮದುವಿ ಆದಮ್ಯಾಲೂ ಅದ ಟೈಮು. ಬುತ್ತಿ ನಾ ಕಟ್ತೀನಿ."

ಎಲ್ಲರೂ ಹೋದರು. ಅಂಬಮ್ಮ ಮಾತಾಡುತ್ತಿದ್ದಾಳೆ, ನಿಲ್ಲಿಸುತ್ತಿಲ್ಲ. ಪಂಪಾಪತಿಯವರು ಅಂದದ್ದನ್ನು ಮರೆಯುವ ಮೊದಲು ಶಬ್ದಕ್ಕೆ ಶಬ್ದ ಬರೆದಿಡಬೇಕು. ಮೊದಲು ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ. ಆಮೇಲೆ ಅಂದದ್ದು — ಬೇಡ, ಅದು ಅವರಿಬ್ಬರಲ್ಲೇ ಇರಲಿ.