ಕೈ ಅಡ್ಡ ಹಿಡಿದ ಹೆಂಗಸು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಈ ಕಾಗದ ನಿನ್ನ ಕೈ ಸೇರುವ ಮೊದಲೇ ಪೊಲೀಸರು ಮನೆಗೆ ಬಂದು ಹೋಗಿರುತ್ತಾರೆ. ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ನಿಜ. ಡಿಪೋದ ಸೂಪರ್‌ವೈಸರ್ ಸತ್ತಿದ್ದಾನೆ. ಕೊಂದವನು ನನ್ನ ಬಸ್ಸಿನ ಡ್ರೈವರ್, ನೀನು ಸ್ಟೇರಿಂಗ್ ಮಾಮ ಎಂದು ಅಣಕಿಸುತ್ತಿದ್ದೆಯಲ್ಲ, ಅವನು. ಸತ್ತವನ ಕಾರಿನಲ್ಲೇ ಇಬ್ಬರೂ ಓಡಿಬಂದಿದ್ದೇವೆ. ಉಳಿದದ್ದನ್ನು ನಾನೇ ಹೇಳಬೇಕು. ಹೊತ್ತು ಹೆಚ್ಚಿಲ್ಲ.

ಹೆದ್ದಾರಿಯ ಪಕ್ಕ, ಮುಚ್ಚಿಹೋದ ಪೆಟ್ರೋಲ್ ಬಂಕಿನ ಕೋಣೆಯಲ್ಲಿ ಕೂತಿದ್ದೇನೆ. ಕಾರಿನ ಟೈರು ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಬಸ್ಸಿನ ಸ್ಟೆಪ್ನಿ ಸರಿಯಿಲ್ಲವೆಂದು ಡ್ರೈವರುಗಳಿಗೆ ದಂಡ ಹಾಕುತ್ತಿದ್ದ ಮನುಷ್ಯನ ಕಾರು ಇದು. ನಮ್ಮ ಡ್ರೈವರ್ ಚಕ್ರ ಬಿಚ್ಚಿ, ಅದನ್ನು ಉರುಳಿಸಿಕೊಂಡು, ಹಿಂದೆ ಬಿಟ್ಟುಬಂದ ಪಂಕ್ಚರ್ ಅಂಗಡಿಗೆ ಹೋಗಿದ್ದಾನೆ. ನನ್ನ ಎದುರಿನ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಾಳೆ. ಅವನು ವಾಪಸು ಬಂದ ಮೇಲೆ ಅವಳು ಬದುಕಿರುವುದಿಲ್ಲ. ನಾನು ಈಗ ಯೋಚಿಸಬೇಕಾದದ್ದು ಇಷ್ಟೇ.

ಓಡಿಬಂದೆವು ಎಂದೆನಲ್ಲ, ಅದು ಬರೀ ಮಾತು. ಸಿನಿಮಾದಲ್ಲಿ ಓಡಿಹೋಗುವ ಪ್ರೇಮಿಗಳಿಗೆ ಮಂಡಿ ನೋಯುವುದಿಲ್ಲ, ಅವರ ಕಾರು ನೆಲ ಬಿಟ್ಟು ಹಾರುತ್ತದೆ. ಇವನು ಆಯುಷ್ಯವಿಡೀ ಬಸ್ಸು ಓಡಿಸಿದವನು. ಕೊಲೆ ಮಾಡಿ ತಪ್ಪಿಸಿಕೊಳ್ಳುವಾಗಲೂ ತನ್ನ ಸಾಲು ಬಿಡಲಿಲ್ಲ, ವೇಗ ಏರಿಸಲಿಲ್ಲ. ಲಾರಿಗಳು ಬೈಯುವಂತೆ ಹಾರನ್ ಹೊಡೆದು ನಮ್ಮನ್ನು ದಾಟಿಹೋದವು. ರಕ್ತ ಹತ್ತಿದ ಜ್ಯಾಕಿ ರಾಡನ್ನು ಎಲ್ಲಾದರೂ ಬಿಸಾಡು ಎಂದರೆ, ಡಿಪೋದ ಸಾಮಾನು, ನಾಳೆ ಲೆಕ್ಕ ಕೊಡಬೇಕಲ್ಲ ಎಂದ. ಹೇಳಿದ ಮೇಲೆ ತಾನೇ ನಕ್ಕ. ನಾನೂ ನಕ್ಕೆ. ರಾಡು ಡಿಕ್ಕಿಯಲ್ಲೇ ಉಳಿಯಿತು.

ಕಾರಣ ನಿನಗೆ ಗೊತ್ತಿಲ್ಲ. ಸೂಪರ್‌ವೈಸರ್ ನಮ್ಮಿಬ್ಬರ ಡ್ಯೂಟಿ ಬೇರೆ ಬೇರೆ ಮಾಡಿದ್ದ. ಮತ್ತೆ ಒಂದೇ ಗಾಡಿಗೆ ಹಾಕಬೇಕಾದರೆ ನೀನೇ ಬಂದು ಕೇಳಿಕೋ ಎಂದು ತನ್ನ ಕೋಣೆಗೆ ಕರೆದ. ಹೋದೆ. ಬಾಗಿಲು ಹಾಕಿದ. ನನ್ನ ತೋಳಿನ ಮೇಲಿನ ಗುರುತನ್ನು ಕಂಡು ನೀನು ಏನದು ಎಂದು ಕೇಳಿದಾಗ, ನೂಕುನುಗ್ಗಲಿನಲ್ಲಿ ಕಂಬಿಗೆ ತಾಗಿತು ಎಂದಿದ್ದೆ. ಇವನಿಗೆ ನಿಜ ಹೇಳಿದೆ. ಕೇಳಿ ಇವನು ಏನು ಮಾಡಬಹುದೆಂದು ಆಗ ನನಗೆ ಅಂದಾಜಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಬೇಡ.

ನಿನ್ನೆ ರಾತ್ರಿ ಇವನು ರಾಡು ಹಿಡಿದು ಸೂಪರ್‌ವೈಸರ್ ಕೋಣೆಯೊಳಗೆ ಹೋದಾಗ ನಾನು ಹೊರಗೆ ಖಾಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದೆ. ಮೊದಲ ಏಟಿನ ಸದ್ದಿಗೆ, ಇನ್ನು ಜಗಳ ಮುಗಿಯಿತು ಅಂದುಕೊಂಡೆ. ಸದ್ದು ನಿಲ್ಲಲಿಲ್ಲ. ಕೊನೆಕೊನೆಯ ಏಟುಗಳು ಸತ್ತವನ ಮೇಲೆ ಬಿದ್ದವು, ಸದ್ದು ಬೇರೆಯಾಗಿತ್ತು. ಹೊರಗೆ ಬಂದಾಗ ಅವನ ಅಂಗಿಯ ತೋಳು ಮೊಳಕೈವರೆಗೆ ಒದ್ದೆ. ಕಾರಿನಲ್ಲಿ ಕೂತು ಇಂಜಿನ್ ಶುರುಮಾಡಿದ. ಕಾರು ಮಾತ್ರ ಕದಲಲಿಲ್ಲ. ಯಾಕೆಂದು ನೋಡಿದರೆ, ನನ್ನ ಬಾಯಿಯನ್ನೇ ಕಾಯುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಆಗಿ ಕೂಗುವ ಹಾಗೆಯೇ 'ರೈಟ್' ಎಂದೆ. ಹೊರಟಿತು. ಈ ಕೊಲೆಯಲ್ಲಿ ನಿಮ್ಮಮ್ಮನ ಪಾಲೇನು ಎಂದು ಪೊಲೀಸರು ಕೇಳಿದರೆ ಇದನ್ನು ಹೇಳು.

ಇನ್ನು ಈ ಮುದುಕಿ. ಇವತ್ತು ಬೆಳಿಗ್ಗೆ ಒಂದು ಬಸ್ ನಿಲ್ದಾಣದ ಮುಂದೆ ಕೈ ಅಡ್ಡ ಹಿಡಿದು ನಿಂತಿದ್ದಳು. ಇವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಹಿಂಬಾಗಿಲು ಅವಳ ಕೈಗೆ ಸಿಗುವ ಹಾಗೆ ಅಚ್ಚುಕಟ್ಟಾಗಿ ನಿಲ್ಲಿಸಿದ. ನಾನೇನು ಕಡಿಮೆ, ಇಳಿದು ಅವಳನ್ನು ಹತ್ತಿಸಿ ಬಾಗಿಲು ಹಾಕಿದೆ. ಆಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇಳಿಸಲು ಯಾವ ನೆಪವೂ ಹೊಳೆಯಲಿಲ್ಲ. ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು, ನಿನ್ನ ಯಜಮಾನರು ಒಳ್ಳೆಯವರು ಕಣಮ್ಮ, ಈ ಕಾಲದಲ್ಲಿ ಯಾರು ನಿಲ್ಲಿಸುತ್ತಾರೆ ಎಂದಳು.

ಟೈರು ಹೋದದ್ದು ಈ ಬಂಕಿನ ಹತ್ತಿರ. ಸ್ಟೆಪ್ನಿ ತೆಗೆಯಲು ಅವನು ಡಿಕ್ಕಿ ಎತ್ತಿದಾಗ ಮುದುಕಿ ಇಳಿದು ಬಂದು ಅವನ ಪಕ್ಕದಲ್ಲೇ ನಿಂತಳು. ಸುತ್ತಿದ್ದ ಬಟ್ಟೆ ಸರಿದು ರಾಡು ಬಯಲಾಗಿತ್ತು. ತುದಿಯಲ್ಲಿ ಕೂದಲು ಅಂಟಿತ್ತು. ಅವಳ ಮುಖ ನೇರ ಅದರ ಕಡೆಗೇ ಇತ್ತು. ಗಾಡಿ ಕೆಟ್ಟಿತೇನಪ್ಪಾ ಎಂದು ಕೇಳಿದಳು, ಅಷ್ಟೇ. ನಾನು ಅವಳ ಕೈ ಹಿಡಿದು ಕೋಣೆಗೆ ಕರೆತಂದೆ.

ಆಮೇಲೆ ಅವನು ನನ್ನನ್ನು ಹೊರಗೆ ಕರೆದ. ನಾವು ಹೇಗೂ ಮುಂದೆ ಹೋಗುವವರು, ಅವಳನ್ನು ಇಲ್ಲೇ ಬಿಟ್ಟುಹೋಗೋಣ ಎಂದೆ. ಅವನು ಬೇಡವೆಂದು ತಲೆಯಾಡಿಸಿದ.

"ಆಯಮ್ಮ ಎಲ್ಲಾ ನೋಡಿದಾಳೆ. ನೋಡಿದ್ರೂ ಬಾಯಿ ಬಿಡಲ್ಲ ಅಂದ್ರೆ ಅಂಥೋರೇ ಡೇಂಜರ್ ಕಣೆ."

"ಅವಳು ನಿನಗೇನು ಮಾಡಿದಾಳೆ?"

"ಏನೂ ಮಾಡಿಲ್ಲ. ನಾನು ಬಂದ್ಮೇಲೆ ನೀನು ರಸ್ತೆ ಕಡೆ ತಿರುಗಿ ನಿಂತಿರು, ಸಾಕು."

ಹಳೆಯ ಗಾಡಿಯನ್ನು ಗುಜರಿಗೆ ಹಾಕಬೇಕು ಎನ್ನುವಾಗಿನ ದನಿ. ಸಿಟ್ಟಿರಲಿಲ್ಲ. ಡಿಪೋದಲ್ಲಿ ಏಟು ಹಾಕಿದವನನ್ನು ನಾನು ಅರ್ಥಮಾಡಿಕೊಂಡಿದ್ದೆ, ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಇವನು ಬೇರೆ. ಅಥವಾ ಅವನೇ ಇವನು. ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದರೂ ನಾನು ನೋಡಿದ್ದು ಹೆಚ್ಚಾಗಿ ಅವನ ಬೆನ್ನನ್ನೇ. ಹೋಗುವಾಗ ನನ್ನ ಕೆನ್ನೆ ಮುಟ್ಟಿ, ಬಿಸಿಲಿಗೆ ಹೋಗಬೇಡ ಎಂದ.

ಈ ದಾರಿಯಲ್ಲಿ ಸರ್ವಿಸ್ ಬಸ್ಸು ಓಡಾಡುತ್ತದೆ. ಬೆಳಗಿನಿಂದ ಎರಡು ಕಡೆ ಕಂಡಿದ್ದೇನೆ. ಮುಂದಿನದು ಬಂದರೆ ಅಡ್ಡ ನಿಂತಾದರೂ ನಿಲ್ಲಿಸಿ ಅವಳನ್ನು ಹತ್ತಿಸುತ್ತೇನೆ. ಕಾಗದವನ್ನೂ ಅವಳ ಕೈಗೇ ಕೊಡುತ್ತೇನೆ. ನಾನು ಇಲ್ಲೇ ಉಳಿದು ಅವನಿಗೆ ಉತ್ತರ ಹೇಳುವುದೆಂದು ಸದ್ಯದ ತೀರ್ಮಾನ. ಬಸ್ಸು ಮೊದಲು ಬರುತ್ತದೋ ಅವನು ಬರುತ್ತಾನೋ ತಿಳಿಯದು. ದೂರದಲ್ಲಿ ಏನು ಕಂಡರೂ ಎದ್ದು ನಿಲ್ಲುತ್ತಿದ್ದೇನೆ.

ನೀನು ಮೆಡಿಕಲ್ ಶಾಪಿನ ಕೆಲಸ ಬಿಡಬೇಡ. ಯಾರು ಏನು ಅಂದರೂ ತಲೆ ತಗ್ಗಿಸಬೇಡ. ನಾನು ನಿನ್ನನ್ನು ಬಿಟ್ಟುಬಂದೆ ಅಂದುಕೊಂಡಿರುತ್ತೀ. ಬಿಟ್ಟುಬಂದದ್ದು ನಿಜ.

ನಿನ್ನ
ಅಮ್ಮ

ಮರೆತ ಮಾತು: ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ಅದಕ್ಕೆ. ಮುದುಕಿಯನ್ನು ಒಬ್ಬಳನ್ನೇ ಕಳಿಸಲಾಗಲಿಲ್ಲ. ಅವಳಿಗೆ ಕಣ್ಣು ಕಾಣುವುದಿಲ್ಲ. ಬೆಳಿಗ್ಗೆ ಕಾರು ಹತ್ತಿಸುವಾಗಲೇ ನನ್ನ ಕಿವಿಯ ಹತ್ತಿರ, ಇದು ಕಣ್ಣಾಸ್ಪತ್ರೆ ಕಡೆ ಹೋಗೋ ಬಸ್ಸೇನಮ್ಮಾ ಎಂದು ಕೇಳಿದ್ದಳು. ಲಾರಿಯ ಹಾರನ್ನಿನಲ್ಲಿ ಅವನಿಗೆ ಕೇಳಿಸಲಿಲ್ಲ. ಬಂಕಿನ ಹೊರಗೆ ನಿಂತಾಗ ನಾನು ಒಂದು ಮಾತು ಹೇಳಿದ್ದರೆ ಅವನು ನಕ್ಕು, ಅವಳನ್ನು ಆಸ್ಪತ್ರೆಯ ಬಾಗಿಲಿಗೇ ಬಿಟ್ಟುಬರುತ್ತಿದ್ದ. ಹೇಳಲಿಲ್ಲ. ಸಿಟ್ಟಿಲ್ಲದಾಗಲೂ ಅವನು ಕೊಲ್ಲಬಲ್ಲನೇ ಎಂದು ನನಗೆ ತಿಳಿಯಬೇಕಿತ್ತು. ತಿಳಿಯಲು ಅವಳ ಜೀವವನ್ನು ಮುಂದಿಟ್ಟೆ. ಅವಳನ್ನು ಆಸ್ಪತ್ರೆಗೆ ಸೇರಿಸಿ ನಾನು ಪೊಲೀಸ್ ಠಾಣೆಗೆ ಹೋಗುತ್ತೇನೆ. ಈಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಾಳೆ.